ಖಾಲಿ ಜಾಗದ ಕಾರುಬಾರು

 ಹತ್ತು ರೂಪಾಯಿಯ ನಾಣ್ಯಕ್ಕೆ ಎರಡು ಬಣ್ಣ: ನಡುವೆ ಬಿಳಿಯ ಬಿಲ್ಲೆ, ಸುತ್ತ ಹಳದಿಯ ಬಳೆ. ಆ ಬಳೆಯನ್ನು ಹಿತ್ತಾಳೆಯೆಂದುಕೊಂಡವರೇ ಹೆಚ್ಚು. ಹಿತ್ತಾಳೆಗೆ ಸತು ಬೇಕು; ಇದರಲ್ಲಿ ಸತುವಿಲ್ಲ. ತೂಕದ ಲೆಕ್ಕದಲ್ಲಿ ನೂರಕ್ಕೆ 92 ಪಾಲು ತಾಮ್ರ, 6 ಪಾಲು ಅಲ್ಯೂಮಿನಿಯಂ, 2 ಪಾಲು ನಿಕಲ್. ಅಲ್ಯೂಮಿನಿಯಂ ಕಂಚು ಎಂದು ಇದರ ಹೆಸರು. ಆರು ಪಾಲು ಎಂದರೆ ಅಲ್ಪವೆನಿಸಬಹುದು. ಆದರೆ ಅಲ್ಯೂಮಿನಿಯಂನ ಒಂದು ಪರಮಾಣು ತಾಮ್ರದ ಪರಮಾಣುವಿನ ಅರ್ಧದಷ್ಟೂ ತೂಗುವುದಿಲ್ಲ. ತೂಕ ಬಿಟ್ಟು ತಲೆ ಎಣಿಸಿದರೆ ಆ ಬಳೆಯ ಪ್ರತಿ ನೂರು ಪರಮಾಣುಗಳಲ್ಲಿ ಹದಿಮೂರು ಅಲ್ಯೂಮಿನಿಯಂ. ಈ ಹದಿಮೂರು ಎಲ್ಲೆಲ್ಲಿ ಕೂತಿವೆ? ಎಲ್ಲೆಂದರಲ್ಲಿ ಚೆಲ್ಲಿಕೊಂಡಿವೆಯೋ, ಏನಾದರೂ ಕ್ರಮವಿದೆಯೋ? ಕ್ರಮವಿದ್ದರೆ ಅದು ಬಂದದ್ದು ಹೇಗೆ, ಎಷ್ಟು ಹೊತ್ತಿನಲ್ಲಿ? ಇವತ್ತಿನ ಮಾತು ಇದರ ಬಗ್ಗೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪರಮಾಣುಗಳಿಗೆ ಯಾರ ಪಕ್ಕ ಕೂರಲು ಇಷ್ಟ ಎನ್ನುವುದು ಅರ್ಧ ಉತ್ತರ ಮಾತ್ರ. ಅಲ್ಲಿಗೆ ಹೋಗಿ ಕೂರಲು ಅವಕ್ಕೆ ಅವಕಾಶ ಸಿಕ್ಕಿತೇ ಎನ್ನುವುದು ಉಳಿದರ್ಧ. ಆ ಅವಕಾಶವನ್ನು ಕೊಡುವುದು ಲೋಹದೊಳಗಿನ ಖಾಲಿ ಜಾಗ. ಹಾಗಾಗಿ ಒಂದು ಮಿಶ್ರಲೋಹ ಏನು ಎಂಬುದನ್ನು ಅದರ ಶೇಕಡಾವಾರು ಪಟ್ಟಿ ಪೂರ್ತಿ ಹೇಳಲಾರದು. ಅದನ್ನು ಎಷ್ಟು ಕಾಸಿದರು, ಹೇಗೆ ತಣಿಸಿದರು ಎಂಬುದನ್ನೂ ಕೇಳಬೇಕು.

ಘನಲೋಹದ ಪರಮಾಣುಗಳು ಸಾಲುಸಾಲಾಗಿ ಜೋಡಿಸಿದ ಸ್ಥಾನಗಳಲ್ಲಿ ಕೂತಿರುತ್ತವೆ. ಎರಡು ಜಾತಿಯ ಪರಮಾಣುಗಳಿದ್ದಾಗ ಸ್ಥಾನಗಳು ಮಾತ್ರ ಕ್ರಮವಾಗಿದ್ದು, ಯಾವ ಸ್ಥಾನದಲ್ಲಿ ಯಾರು ಎಂಬುದು ಅನಿರ್ದಿಷ್ಟವಾಗಿರಬಹುದು. ಯಾರು ಎಲ್ಲಿ ಎಂಬುದೂ ಗೊತ್ತುಪಡಿಸಿದಂತೆ ಇರಬಹುದು. ಎರಡನೆಯ ಸ್ಥಿತಿಯ ಸುಳಿವು ಮೊದಲು ಸಿಕ್ಕಿದ್ದು ತಾಮ್ರ ಮತ್ತು ಚಿನ್ನದ ಬೆರಕೆಯಲ್ಲಿ. 1916ರಲ್ಲಿ ರಷ್ಯದ ಕುರ್ನಾಕೋವ್ ಮತ್ತು ಸಂಗಡಿಗರು ಈ ಮಿಶ್ರಲೋಹವನ್ನು ಕಾಸಿ ನಿಧಾನವಾಗಿ ಆರಿಸಿದಾಗ ಅದರ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಕುಸಿಯುವುದನ್ನು ಕಂಡರು. ಮೂರು ವರ್ಷದ ಬಳಿಕ ಜರ್ಮನಿಯ ಟಮ್ಮಾನ್ ಒಳಗೆ ಪರಮಾಣುಗಳು ಕ್ರಮಬದ್ಧವಾಗುತ್ತಿರಬೇಕೆಂದು ತರ್ಕಿಸಿದರು. 1923ರಲ್ಲಿ ಬೇನ್, 1925ರಲ್ಲಿ ಯೋಹಾನ್‌ಸನ್ ಮತ್ತು ಲಿಂಡೆ ಕ್ಷ-ಕಿರಣಗಳಿಂದ ಅದನ್ನು ಖಚಿತಪಡಿಸಿದರು. ಮೂರು ತಾಮ್ರಕ್ಕೆ ಒಂದು ಚಿನ್ನವಿರುವ ಬೆರಕೆ ಸುಮಾರು 390 ಡಿಗ್ರಿಯ ಕೆಳಗೆ ಕ್ರಮಕ್ಕೆ ಬರುತ್ತದೆ, ಮೇಲೆ ಕ್ರಮಗೆಡುತ್ತದೆ. ಇದಕ್ಕೆ ಗಣಿತದ ರೂಪ ಕೊಟ್ಟವರು 1934ರಲ್ಲಿ ಬ್ರಾಗ್ ಮತ್ತು ವಿಲಿಯಮ್ಸ್. ಪಠ್ಯಪುಸ್ತಕಗಳಲ್ಲಿ ಅವರ ಸಮತೋಲದ ಸಮೀಕರಣಗಳಷ್ಟೇ ಉಳಿದುಕೊಂಡಿವೆ. ಆದರೆ ಸಮತೋಲಕ್ಕೆ ತಲುಪಲು ಹಿಡಿಯುವ ಕಾಲದ ಪ್ರಶ್ನೆಯನ್ನು ಅವರೂ ಅಲ್ಲೇ ಎತ್ತಿದ್ದರು. ಉಷ್ಣತೆ ಇಳಿದಂತೆ ಈ ಕಾಲ ಎಷ್ಟು ಬೇಗ ಬೆಳೆಯುತ್ತದೆಯೆಂದರೆ, ಒಂದು ಹಂತದಿಂದಾಚೆಗೆ ಕ್ರಮ ಎಲ್ಲಿದೆಯೋ ಅಲ್ಲೇ ನಿಂತುಬಿಡುತ್ತದೆ.

ತಾಮ್ರ-ಅಲ್ಯೂಮಿನಿಯಂ ಬೆರಕೆಯಲ್ಲಿ ಚಿನ್ನದ ಬೆರಕೆಯಷ್ಟು ಢಾಳಾದ ಕ್ರಮ ಕಾಣುವುದಿಲ್ಲ. ನಾಣ್ಯದ ಬಳೆಯಂಥ, ಅಲ್ಯೂಮಿನಿಯಂ ಕಡಿಮೆಯಿರುವ ಬೆರಕೆಗಳಲ್ಲಿ ಇರುವುದು ಹ್ರಸ್ವವ್ಯಾಪ್ತಿಯ ಕ್ರಮ; ಅಂದರೆ ನೆರೆಹೊರೆಗೆ ಮಾತ್ರ ಸೀಮಿತವಾದದ್ದು. ತಾಮ್ರದ ಹರಳಿನಲ್ಲಿ ಪ್ರತಿ ಪರಮಾಣುವಿಗೂ ಹನ್ನೆರಡು ಹತ್ತಿರದ ನೆರೆಗಳು. ನೂರಕ್ಕೆ ಹದಿಮೂರು ಅಲ್ಯೂಮಿನಿಯಂ ಸುಮ್ಮನೆ ಚೆಲ್ಲಿಕೊಂಡಿದ್ದರೆ, ಒಂದು ಅಲ್ಯೂಮಿನಿಯಂ ಪರಮಾಣುವಿನ ಹನ್ನೆರಡು ನೆರೆಗಳಲ್ಲಿ ಸರಾಸರಿ ಒಂದೂವರೆ ಅಲ್ಯೂಮಿನಿಯಂ ಇರಬೇಕು. ಅಳೆದು ನೋಡಿದರೆ ಅದಕ್ಕಿಂತ ಬಹಳ ಕಡಿಮೆ. ಅಲ್ಯೂಮಿನಿಯಂ ಪರಮಾಣು ತಾಮ್ರದ್ದಕ್ಕಿಂತ ಶೇ. 12ರಷ್ಟು ಅಗಲ, ಎರಡು ಅಲ್ಯೂಮಿನಿಯಂ ಅಕ್ಕಪಕ್ಕ ಬಂದರೆ ಇಕ್ಕಟ್ಟು ಹೆಚ್ಚುತ್ತದೆ. ತಾಮ್ರಕ್ಕೂ ಅಲ್ಯೂಮಿನಿಯಂಗೂ ಇರುವ ರಾಸಾಯನಿಕ ಸೆಳೆತವೂ ಬಲವಾದದ್ದು. ಹೀಗಾಗಿ ಅಲ್ಯೂಮಿನಿಯಂಗಳು ಒಂದನ್ನೊಂದು ದೂರವಿಟ್ಟು ಸುತ್ತಲೂ ತಾಮ್ರವನ್ನು ಇಟ್ಟುಕೊಳ್ಳುತ್ತವೆ. ಇಂಥ ಕ್ರಮ ಕ್ಷ-ಕಿರಣ ಚಿತ್ರದಲ್ಲಿ ಚೂಪಾದ ಹೊಸ ಗೆರೆಗಳನ್ನು ಮೂಡಿಸುವುದಿಲ್ಲ. ಗೆರೆಗಳ ನಡುವಿನ ಹಿನ್ನೆಲೆಯಲ್ಲಿ ಅಲ್ಲಲ್ಲಿ ಮಂಕಾದ ಉಬ್ಬುಗಳನ್ನಷ್ಟೇ ಮೂಡಿಸುತ್ತದೆ. ಆ ಉಬ್ಬುಗಳನ್ನು ತಾಳ್ಮೆಯಿಂದ ಅಳೆದು ನೆರೆಹೊರೆಯ ಲೆಕ್ಕ ತೆಗೆಯುವ ವಿಧಾನ 1950ರ ದಶಕದಲ್ಲಿ ರೂಢಿಗೆ ಬಂತು. ತಾಮ್ರ-ಅಲ್ಯೂಮಿನಿಯಂನ ಲೆಕ್ಕವನ್ನು 1959ರಲ್ಲಿ ಹೌಸ್ಕ ಮತ್ತು ಆವರ್‌ಬಾಕ್ ಪ್ರಕಟಿಸಿದರು. ಪರಮಾಣುಗಳ ಇಷ್ಟಾನಿಷ್ಟಗಳ ವಿಚಾರ ಇಲ್ಲಿಗೆ ಮುಗಿಯಿತು. ಕಠಿಣವಾದದ್ದು ಮುಂದಿನದು: ಘನವಸ್ತುವಿನಲ್ಲಿ ಒತ್ತೊತ್ತಾಗಿ ಕೂತಿರುವ ಪರಮಾಣು ಜಾಗ ಬದಲಿಸುವುದಾದರೂ ಹೇಗೆ?

ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಹೆಚ್ಚಿನವರ ನಂಬಿಕೆ ಸರಳವಾಗಿತ್ತು. ಪಕ್ಕಪಕ್ಕದ ಎರಡು ಪರಮಾಣುಗಳು ನೇರವಾಗಿ ಜಾಗ ಅದಲುಬದಲು ಮಾಡಿಕೊಳ್ಳುತ್ತವೆ, ಇಲ್ಲವೇ ನಾಲ್ಕಾರು ಸೇರಿ ಉಂಗುರವಾಗಿ ಸುತ್ತುತ್ತವೆ ಎಂದುಕೊಂಡಿದ್ದರು. ಇದು ನಿಜವಾದರೆ ಎರಡು ಜಾತಿಯ ಪರಮಾಣುಗಳೂ ಒಂದೇ ವೇಗದಲ್ಲಿ ಎದುರುಬದುರಾಗಿ ಹೋಗಬೇಕು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅರ್ನೆಸ್ಟ್ ಕಿರ್ಕೆಂಡಾಲ್ ಮತ್ತು ಆಲಿಸ್ ಸ್ಮಿಗೆಲ್ಸ್‌ಕಾಸ್ ಹಿತ್ತಾಳೆಯ ಪಟ್ಟಿಗೆ ಸಣ್ಣ ಮಾಲಿಬ್ಡಿನಂ ತಂತಿಗಳನ್ನು ಗುರುತಿಗೆ ಇಟ್ಟು, ಮೇಲೆ ತಾಮ್ರದ ಹೊದಿಕೆ ಹಾಕಿ, 785 ಡಿಗ್ರಿಯಲ್ಲಿ ವಾರಗಟ್ಟಲೆ ಕಾಸಿದರು. ತಂತಿಗಳು ಇದ್ದಲ್ಲಿ ಇರಲಿಲ್ಲ, ಒಳಮುಖವಾಗಿ ಸರಿದಿದ್ದವು. ಸತು ಹೊರಗೆ ಹೋದಷ್ಟು ವೇಗವಾಗಿ ತಾಮ್ರ ಒಳಗೆ ಬಂದಿರಲಿಲ್ಲ. ಹಾಗಾದರೆ ಅದಲುಬದಲಿನ ಸಿದ್ಧಾಂತ ನಿಲ್ಲುವುದಿಲ್ಲ. 1947ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಆ ಕ್ಷೇತ್ರದ ಹಿರಿಯ ರಾಬರ್ಟ್ ಮೆಲ್ ಬಲವಾಗಿ ಶಂಕಿಸಿದರು. ಕೊನೆಗೆ ಮೆಲ್ ಅವರ ಪ್ರಯೋಗಾಲಯದಲ್ಲೇ, ಅವರ ಶಿಷ್ಯ ಡ ಸಿಲ್ವ ಹಲವು ಜೋಡಿ ಲೋಹಗಳ ಮೇಲೆ ಪರೀಕ್ಷೆ ನಡೆಸಿ, 1951ರಲ್ಲಿ ಕಿರ್ಕೆಂಡಾಲ್ ಹೇಳಿದ್ದು ಸರಿಯೆಂದು ತೋರಿಸಿದರು. ಆ ಜೋಡಿಗಳಲ್ಲಿ ತಾಮ್ರ-ಅಲ್ಯೂಮಿನಿಯಂ ಕೂಡ ಇತ್ತು. ಶಂಕಿಸಿದವರೇ ಪರೀಕ್ಷಿಸಿ ಒಪ್ಪಿದ್ದರಿಂದ ಈ ಸಾಕ್ಷ್ಯಕ್ಕೆ ತೂಕ ಹೆಚ್ಚು ಎಂಬುದು ನನ್ನ ಎಣಿಕೆ.

ಉಳಿದ ವಿವರಣೆ ಒಂದೇ: ಹರಳಿನಲ್ಲಿ ಅಲ್ಲಲ್ಲಿ ಪರಮಾಣುವಿಲ್ಲದ ಖಾಲಿ ಸ್ಥಾನಗಳಿವೆ, ಪಕ್ಕದ ಪರಮಾಣು ಅದರೊಳಕ್ಕೆ ಜಿಗಿಯುತ್ತದೆ. ಮದುವೆಮನೆಯ ಊಟದ ಪಂಕ್ತಿ ತುಂಬಿ ಕೂತಿರುವಾಗ ಯಾರೂ ಸರಿಯಲಾರರು. ಒಂದು ಎಲೆ ಖಾಲಿಯಿದ್ದರೆ ಪಕ್ಕದವರು ಅಲ್ಲಿಗೆ ಸರಿಯುತ್ತಾರೆ, ಅವರು ಬಿಟ್ಟ ಜಾಗಕ್ಕೆ ಅವರ ಪಕ್ಕದವರು. ಖಾಲಿ ಎಲೆ ಪಂಕ್ತಿಯ ಉದ್ದಕ್ಕೂ ಎದುರು ದಿಕ್ಕಿಗೆ ನಡೆದುಹೋಗುತ್ತದೆ. ಈ ಖಾಲಿ ಸ್ಥಾನವನ್ನು ಇನ್ನು ಮುಂದೆ ತೆರವು ಎನ್ನುತ್ತೇನೆ. ಇದು ಬರಿಯ ಊಹೆಯಾಗಿ ಉಳಿದಿಲ್ಲ. ಸಿಮನ್ಸ್ ಮತ್ತು ಬಲುಫಿ ಎಂಬಿಬ್ಬರು 1960ರಲ್ಲಿ ಅಲ್ಯೂಮಿನಿಯಂನಲ್ಲಿ, 1963ರಲ್ಲಿ ತಾಮ್ರದಲ್ಲಿ ತೆರವುಗಳನ್ನು ಎಣಿಸಿಯೇ ಬಿಟ್ಟರು. ಉಪಾಯ ಸೊಗಸಾದದ್ದು. ಲೋಹದ ಕಂಬಿಯನ್ನು ಕಾಸುತ್ತಾ ಅದರ ಉದ್ದ ಎಷ್ಟು ಬೆಳೆಯಿತೆಂದು ಅಳೆದರು. ಜೊತೆಗೇ ಪರಮಾಣುಗಳ ನಡುವಿನ ಅಂತರ ಎಷ್ಟು ಬೆಳೆಯಿತೆಂದು ಕ್ಷ-ಕಿರಣದಿಂದ ಅಳೆದರು. ಕಂಬಿ ಹೆಚ್ಚು ಬೆಳೆದಿತ್ತು. ಹೆಚ್ಚುವರಿ ಉದ್ದಕ್ಕೆ ಕಾರಣ ಹೊಸದಾಗಿ ಹುಟ್ಟಿದ ಸ್ಥಾನಗಳು, ಅಂದರೆ ತೆರವುಗಳು. ಕರಗುವ ಹಂತದಲ್ಲಿರುವ ತಾಮ್ರದಲ್ಲಿ ಹತ್ತು ಸಾವಿರ ಸ್ಥಾನಗಳಿಗೆ ಎರಡು ಖಾಲಿ, ಅಲ್ಯೂಮಿನಿಯಂನಲ್ಲಿ ಸುಮಾರು ಒಂಬತ್ತು.

ಉಷ್ಣತೆ ಇಳಿದಂತೆ ಈ ಸಂಖ್ಯೆ ಹೇಗೆ ಇಳಿಯುತ್ತದೆ ನೋಡಿ. ತಾಮ್ರದಲ್ಲಿ ಒಂದು ತೆರವು ಹುಟ್ಟಲು ಸುಮಾರು 1.3 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. 600 ಡಿಗ್ರಿಯಲ್ಲಿ ಕೋಟಿ ಸ್ಥಾನಗಳಿಗೆ ಕೆಲವೇ ತೆರವುಗಳಿರುತ್ತವೆ. ಕೋಣೆಯ ಉಷ್ಣತೆಯಲ್ಲಿ, ಪೂರ್ತಿ ಸಮತೋಲಕ್ಕೆ ಬಂದ ಅರುವತ್ತು ಚಿಲ್ಲರೆ ಗ್ರಾಂ ತಾಮ್ರದ ಒಂದಿಡೀ ತುಂಡಿನಲ್ಲಿ ಹೆಚ್ಚೆಂದರೆ ಕೆಲವು ಸಾವಿರ ಇರಬಹುದು. ಪರಮಾಣುಗಳ ಸಂಖ್ಯೆಯಾದರೋ ಆರರ ಮುಂದೆ ಇಪ್ಪತ್ಮೂರು ಸೊನ್ನೆ. ಶುದ್ಧ ತಾಮ್ರದ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದರೆ, ತಣ್ಣಗಿರುವ ತುಂಡಿನ ಒಂದು ಪರಮಾಣು ಒಮ್ಮೆ ಜಿಗಿಯಲು ವಿಶ್ವದ ವಯಸ್ಸೂ ಸಾಲದು. 200 ಡಿಗ್ರಿಗೆ ಕಾಸಿದರೆ ಕೆಲವು ವಾರಕ್ಕೋ ಒಂದು ವರ್ಷಕ್ಕೋ ಒಂದು ಜಿಗಿತ. ಈಗ ಅದೇ ತುಂಡನ್ನು 600 ಡಿಗ್ರಿಗೆ ಕಾಸಿ, ಥಟ್ಟನೆ ನೀರಿಗೆ ಅದ್ದಿ, ಆಮೇಲೆ 200 ಡಿಗ್ರಿಗೆ ಏರಿಸಿ. ಬಿಸಿಯಲ್ಲಿ ಹುಟ್ಟಿದ ತೆರವುಗಳು ಹೊರಗೆ ಹೋಗಲು ಹೊತ್ತು ಸಿಗದೆ ಒಳಗೇ ಸಿಕ್ಕಿಹಾಕಿಕೊಂಡಿರುತ್ತವೆ. ಅವು ಇರುವಷ್ಟು ಹೊತ್ತು ಒಂದೊಂದು ಪರಮಾಣುವೂ ಸೆಕೆಂಡುಗಳಲ್ಲಿ, ತಪ್ಪಿದರೆ ಒಂದೆರಡು ನಿಮಿಷಗಳಲ್ಲಿ ಜಿಗಿಯುತ್ತದೆ. ಲೋಹ ಅದೇ, ಉಷ್ಣತೆ ಅದೇ. ಬದಲಾದದ್ದು ಪೂರ್ವಚರಿತ್ರೆ ಮಾತ್ರ. ವೇಗದಲ್ಲಿ ಬಂದ ವ್ಯತ್ಯಾಸ ಲಕ್ಷಗಟ್ಟಲೆ ಪಟ್ಟು.

ತಾಮ್ರ-ಅಲ್ಯೂಮಿನಿಯಂನಲ್ಲಿ ಇದನ್ನು ಅಳೆಯಲು ದೊಡ್ಡ ಸಲಕರಣೆ ಬೇಕಿಲ್ಲ. ನೆರೆಹೊರೆಯ ಕ್ರಮ ಕೂಡಿಬಂದಂತೆ ಈ ಬೆರಕೆಯ ವಿದ್ಯುತ್ ರೋಧ ತುಸು ಇಳಿಯುತ್ತದೆ; ಬಡಿದು ಬಗ್ಗಿಸಿ ಕ್ರಮ ಕೆಡಿಸಿದರೆ ಏರುತ್ತದೆ. ಬಿಸಿಯಿಂದ ಥಟ್ಟನೆ ತಣಿಸಿದ ತಂತಿಯನ್ನು ನೂರಿನ್ನೂರು ಡಿಗ್ರಿಯಲ್ಲಿಟ್ಟು ರೋಧವನ್ನು ಗಮನಿಸಿದರೆ, ಹೆಚ್ಚು ಬಿಸಿಯಿಂದ ತಣಿಸಿದ ತಂತಿ ಬೇಗ ಕ್ರಮಕ್ಕೆ ಬರುತ್ತದೆ, ಕಡಿಮೆ ಬಿಸಿಯಿಂದ ತಣಿಸಿದ್ದು ತಡವಾಗಿ. ರೋಧದ ಬದಲು ಶಾಖವನ್ನೇ ಅಳೆಯಬಹುದು. ಪರಮಾಣುಗಳು ಒಪ್ಪವಾಗುವಾಗ ಹೊರಬೀಳುವ ಅಲ್ಪ ಶಾಖವನ್ನು ಕ್ಯಾಲರಿಮಾಪಕದಲ್ಲಿ ಹಿಡಿಯುವ ಕೆಲಸವನ್ನು ಚಿಲಿ ವಿಶ್ವವಿದ್ಯಾಲಯದ ವಾರ್ಶಾವ್‌ಸ್ಕಿ ಮತ್ತು ದೊನೋಸೊ ವರ್ಷಗಟ್ಟಲೆ ಮಾಡಿದ್ದಾರೆ. ಅಲ್ಲಿ ಕಾಣುವುದು ಎರಡು ಹಂತ. ಮೊದಲನೆಯದು ಸಿಕ್ಕಿಬಿದ್ದ ತೆರವುಗಳ ಓಡಾಟದಿಂದ, ಕಡಿಮೆ ಉಷ್ಣತೆಯಲ್ಲೇ. ಆ ತೆರವುಗಳು ಓಡಾಡುತ್ತಾ ಹರಳುಗಳ ಅಂಚಿಗೋ, ಪರಮಾಣುಗಳ ಸಾಲು ತಪ್ಪಿರುವ ದೋಷರೇಖೆಗೋ ತಾಗಿ ಅಳಿಸಿಹೋಗುತ್ತವೆ. ಬಳಿಕ ಆ ಉಷ್ಣತೆಗೆ ಸಹಜವಾಗಿ ಹುಟ್ಟುವ ತೆರವುಗಳನ್ನು ಕಾಯುವ ಎರಡನೆಯ ಹಂತ, ಇನ್ನೂ ಕಾಸಿದ ಮೇಲೆ. ಕೆಲಸ ಮಾಡುವ ಆಳುಗಳೇ ಕೆಲಸದ ನಡುವೆ ಕರಗಿಹೋಗುವುದರಿಂದ ಈ ಪ್ರಕ್ರಿಯೆಗೆ ಒಂದೇ ಸ್ಥಿರ ವೇಗ ಎಂಬುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. ಥಟ್ಟನೆ ತಣಿಸುವಾಗ ಲೋಹದೊಳಗೆ ಬಿಗಿತ, ಸೆಳೆತ, ಹೊಸ ದೋಷಗಳು ಎಲ್ಲವೂ ಹುಟ್ಟುತ್ತವೆ. ವೇಗ ಹೆಚ್ಚಿದ್ದಕ್ಕೆ ತೆರವುಗಳೇ ಕಾರಣವೆಂದು ಏಕೆ ನಂಬಬೇಕು? ಉತ್ತರ ಬೇರೆ ದಾರಿಯಿಂದ ಸಿಕ್ಕಿತು. 1950ರ ದಶಕದ ಕೊನೆಗೆ ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ವೆಕ್ಸ್‌ಲರ್ ಮತ್ತು ಕರ್ನೊಹಾನ್ ತಾಮ್ರ-ಅಲ್ಯೂಮಿನಿಯಂ ತುಂಡುಗಳನ್ನು ಪರಮಾಣು ಸ್ಥಾವರದಲ್ಲಿ ನ್ಯೂಟ್ರಾನ್‌ಗಳ ಹೊಡೆತಕ್ಕೆ ಒಡ್ಡಿದರು. ನ್ಯೂಟ್ರಾನ್ ಪರಮಾಣುಗಳನ್ನು ಅವುಗಳ ಸ್ಥಾನದಿಂದ ಕಿತ್ತೆಸೆಯುತ್ತದೆ. ಅಂದರೆ ಒಳಗೆ ರಂಪವಾಗಬೇಕು, ರೋಧ ಏರಬೇಕು. ಶುದ್ಧ ತಾಮ್ರದಲ್ಲಿ ಹಾಗೇ ಆಗುತ್ತದೆ. ಈ ಬೆರಕೆಯಲ್ಲಿ ರೋಧ ಇಳಿಯಿತು. ಕಿತ್ತೆಸೆದದ್ದರಿಂದ ಹುಟ್ಟಿದ ತೆರವುಗಳು ಪರಮಾಣುಗಳಿಗೆ ಓಡಾಡುವ ಅವಕಾಶ ಕೊಟ್ಟವು. ಅವು ತಮಗಿಷ್ಟವಾದ ನೆರೆಹೊರೆ ಹುಡುಕಿಕೊಂಡವು. ಇಲ್ಲಿ ನೀರಿಗೆ ಅದ್ದಿಲ್ಲ, ತಣಿಸಿದ ಬಿಗಿತವಿಲ್ಲ. ಎರಡೂ ಪ್ರಯೋಗಗಳಿಗೆ ಸಮಾನವಾದದ್ದು ಹೆಚ್ಚುವರಿ ತೆರವುಗಳು ಮಾತ್ರ, ಫಲವೂ ಒಂದೇ. ಕ್ರಮಕ್ಕೆ ಬರುವ ಇಷ್ಟ ಬೆರಕೆಯಲ್ಲಿ ಮೊದಲೇ ಇತ್ತು, ಇಲ್ಲದಿದ್ದದ್ದು ದಾರಿ.

ತಾಮ್ರ ಹೆಚ್ಚಿರುವ ಕಡೆ ನಡೆಯುವ ಈ ಸಣ್ಣ ಬದಲಾವಣೆಯನ್ನು ನೋಡಿ ಇದೆಲ್ಲ ಪ್ರಯೋಗಾಲಯದವರ ಪಾಡು ಎನ್ನುವವರು, ದಯವಿಟ್ಟು ಅದೇ ಜೋಡಿಯ ಇನ್ನೊಂದು ತುದಿಗೆ ಬರಬೇಕು. ಅಲ್ಯೂಮಿನಿಯಂ ಹೆಚ್ಚು, ತಾಮ್ರ ನೂರಕ್ಕೆ ನಾಲ್ಕೇ ಪಾಲು. 1906ರಲ್ಲಿ ಬರ್ಲಿನ್ ಬಳಿ ಆಲ್ಫ್ರೆಡ್ ವಿಲ್ಮ್ ಇಂಥ ಬೆರಕೆಗೆ ಅರ್ಧ ಪಾಲು ಮೆಗ್ನೀಸಿಯಂ ಸೇರಿಸಿ, ಕಾಸಿ, ನೀರಿಗೆ ಅದ್ದಿ ಗಡಸುತನ ಅಳೆಯುತ್ತಿದ್ದರು. ಶನಿವಾರ ಅಳೆದಾಗ ಮೆದುವಾಗಿದ್ದ ತುಂಡು ಸೋಮವಾರಕ್ಕೆ ಗಡಸಾಗಿತ್ತು, ಯಾರೂ ಮುಟ್ಟದೆ, ಕಾಸದೆ. ಡ್ಯುರಾಲುಮಿನ್ ಹುಟ್ಟಿದ್ದು ಹೀಗೆ. ವಿಮಾನಯುಗದ ಲೋಹವೆಂದೇ ಅದು ಹೆಸರಾಯಿತು. ಗಡಸಾದದ್ದೇಕೆ ಎಂಬುದು ತಿಳಿದದ್ದು 1938ರಲ್ಲಿ. ಫ್ರಾನ್ಸಿನ ಗಿನಿಯೇ ಮತ್ತು ಬ್ರಿಟನ್ನಿನ ಪ್ರೆಸ್ಟನ್ ಬೇರೆಬೇರೆಯಾಗಿ, ಕ್ಷ-ಕಿರಣ ಚಿತ್ರದ ಸಣ್ಣ ಗೀಟುಗಳಿಂದ, ತಾಮ್ರದ ಪರಮಾಣುಗಳು ಒಂದೆರಡು ಪದರ ದಪ್ಪದ ತೆಳು ಬಿಲ್ಲೆಗಳಾಗಿ ಕೂಡಿಕೊಳ್ಳುತ್ತವೆಂದು ಕಂಡುಕೊಂಡರು. ಈ ಬಿಲ್ಲೆಗಳು ಲೋಹದ ಪದರಗಳು ಜಾರುವುದಕ್ಕೆ ತಡೆಯೊಡ್ಡುತ್ತವೆ. ತಾಮ್ರದ ತುದಿಯಲ್ಲಿ ಅಲ್ಯೂಮಿನಿಯಂಗಳು ದೂರ ದೂರ, ಇಲ್ಲಿ ತಾಮ್ರಗಳು ಒಟ್ಟೊಟ್ಟಿಗೆ. ಇದೇನು ವಿಪರ್ಯಾಸ ಎನಿಸಬಹುದು. ಆದರೆ ಈ ಬಿಲ್ಲೆಗಳು ದಾರಿಯ ನಡುವಿನ ತಂಗುದಾಣ ಮಾತ್ರ. ಕಾಸುತ್ತಾ ಹೋದರೆ ಕೊನೆಗೆ ದೊರಕುವುದು ಒಂದು ತಾಮ್ರಕ್ಕೆ ಎರಡು ಅಲ್ಯೂಮಿನಿಯಂ ಇರುವ ಅಚ್ಚುಕಟ್ಟಾದ ಸಂಯುಕ್ತ.

ಒಗಟು ಇರುವುದು ಕಾಲದಲ್ಲಿ. ಅಲ್ಯೂಮಿನಿಯಂನೊಳಗೆ ತಾಮ್ರ ಎಷ್ಟು ವೇಗವಾಗಿ ಹರಡುತ್ತದೆಂದು ಹೆಚ್ಚಿನ ಉಷ್ಣತೆಯಲ್ಲಿ ಚೆನ್ನಾಗಿ ಅಳೆದಿದ್ದಾರೆ. ಆ ಅಂಕಿಗಳನ್ನು ಕೋಣೆಯ ಉಷ್ಣತೆಗೆ ಇಳಿಸಿ ಲೆಕ್ಕ ಹಾಕಿದರೆ, ತಾಮ್ರದ ಪರಮಾಣು ಒಂದು ಹೆಜ್ಜೆ ಇಡಲು ಹತ್ತಿಪ್ಪತ್ತು ವರ್ಷ ಬೇಕು. ಬಿಲ್ಲೆ ಕಟ್ಟಲು ಬೇಕಾದ ಮೂರು ನ್ಯಾನೊಮೀಟರ್ ದೂರ ಸಾಗಲು ಎರಡು ಸಾವಿರ ವರ್ಷದಷ್ಟು. ವಿಲ್ಮ್ ಅವರ ತುಂಡು ಎರಡು ದಿನದಲ್ಲಿ ಮುಗಿಸಿತು. ಮೊದಲ ನಿಮಿಷಗಳ ವೇಗವನ್ನು ಹಿಡಿದು ನೋಡಿದವರಿಗೆ ಸಿಕ್ಕ ಅಂತರ ಕೋಟಿ ಪಟ್ಟನ್ನೂ ಮೀರಿತ್ತು. ತೆರವುಗಳ ಲೆಕ್ಕ ಹಾಕಿ ನೋಡಿ: ಕಾಸುವ 540 ಡಿಗ್ರಿಯಲ್ಲಿ ಅಲ್ಯೂಮಿನಿಯಂನ ಹತ್ತು ಸಾವಿರ ಸ್ಥಾನಗಳಲ್ಲಿ ಹೆಚ್ಚುಕಡಿಮೆ ಒಂದು ಖಾಲಿ, ಕೋಣೆಯ ಉಷ್ಣತೆಯ ಸಮತೋಲದಲ್ಲಿ ಹತ್ತು ಸಾವಿರ ಕೋಟಿಗೆ ಒಂದು. ಇದೂ ಕೋಟಿ ಪಟ್ಟಿನ ಅಂತರ. ಎರಡು ಸ್ವತಂತ್ರ ಲೆಕ್ಕಗಳು ಇಷ್ಟು ಹತ್ತಿರ ಬರುವುದು ಆಕಸ್ಮಿಕವಿರಲಾರದು. 1950ರ ದಶಕದ ಕೊನೆಯಲ್ಲಿ ಡೇವಿಡ್ ಟರ್ನ್‌ಬುಲ್ ಮತ್ತು ಸಂಗಡಿಗರು ತಣಿಸುವ ಉಷ್ಣತೆಯನ್ನು ಬದಲಿಸುತ್ತಾ, ಬಿಲ್ಲೆ ಕಟ್ಟುವ ವೇಗವೂ ಅದರ ಜೊತೆ ಬದಲಾಗುವುದನ್ನು ರೋಧದ ಅಳತೆಯಿಂದ ತೋರಿಸಿದರು.

ಇಲ್ಲೂ ತಕರಾರು ತೆಗೆಯಬಹುದು. ನಿಧಾನವಾಗಿ ಆರಿಸಿದ ಡ್ಯುರಾಲುಮಿನ್ ಗಡಸಾಗುವುದಿಲ್ಲ, ನಿಜ. ಆದರೆ ನಿಧಾನವಾಗಿ ಆರುವಾಗ ತಾಮ್ರವೇ ಬೇರ್ಪಟ್ಟು ದೊಡ್ಡ ಕಣಗಳಾಗಿ ಕೂತುಬಿಟ್ಟಿರುತ್ತದೆ, ಬಿಲ್ಲೆ ಕಟ್ಟಲು ತಾಮ್ರವೇ ಉಳಿದಿರುವುದಿಲ್ಲ. ತೆರವಿನ ಮಾತು ಏಕೆ? ಈ ಎರಡು ಕಾರಣಗಳನ್ನು ಬಿಡಿಸಿ ನೋಡುವ ಪರೀಕ್ಷೆಯೊಂದಿದೆ. ಗಡಸಾದ ತುಂಡನ್ನು 200 ಡಿಗ್ರಿಯ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಇಟ್ಟು ತೆಗೆದರೆ ಬಿಲ್ಲೆಗಳು ಕರಗಿ ತಾಮ್ರವೆಲ್ಲ ಮತ್ತೆ ಚದುರುತ್ತದೆ; ಲೋಹ ಮೆದುವಾಗುತ್ತದೆ. ತಾಮ್ರ ಪೂರ್ತಿ ಒಳಗೇ ಇದೆ, ಏನೂ ನಷ್ಟವಾಗಿಲ್ಲ. ಮತ್ತೆ ಕೋಣೆಯಲ್ಲಿಟ್ಟರೆ ಬಿಲ್ಲೆಗಳು ಪುನಃ ಕಟ್ಟಿಕೊಳ್ಳುತ್ತವೆ, ಆದರೆ ಮೊದಲಿಗಿಂತ ಬಹಳ ಬಹಳ ನಿಧಾನವಾಗಿ. ಆ ಸ್ವಲ್ಪ ಹೊತ್ತಿನ ಕಾವಿನಲ್ಲಿ ಕಳೆದುಹೋದದ್ದು ತೆರವುಗಳು ಮಾತ್ರ. ನನ್ನ ಮಟ್ಟಿಗೆ ಇಡೀ ವಾದದಲ್ಲಿ ಇದೇ ಅತ್ಯಂತ ಶುಚಿಯಾದ ಸಾಕ್ಷ್ಯ. ಸಿದ್ಧಾಂತ ಗೊತ್ತಿಲ್ಲದಿದ್ದಾಗಲೂ ಕುಶಲಕರ್ಮಿಗಳು ಇದರ ಲಾಭ ಪಡೆದಿದ್ದರು. ವಿಮಾನ ಕಾರ್ಖಾನೆಗಳಲ್ಲಿ ಡ್ಯುರಾಲುಮಿನ್ ಜಾತಿಯ ರಿವೆಟ್‌ಗಳನ್ನು ಕಾಸಿ ತಣಿಸಿದ ಕೂಡಲೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಡುವುದು ರೂಢಿ. ಚಳಿಗೆ ತೆರವುಗಳು ಕದಲುವುದಿಲ್ಲ, ರಿವೆಟ್ ಮೆದುವಾಗೇ ಉಳಿಯುತ್ತದೆ. ಹೊರತೆಗೆದು ಬಡಿದು ಕೂರಿಸಿದ ಮೇಲೆ ತನ್ನಷ್ಟಕ್ಕೆ ಗಡಸಾಗುತ್ತದೆ.

ತಾಮ್ರದ ತುದಿಗೆ ಮರಳೋಣ. ನೆರೆಹೊರೆಯ ಕ್ರಮ ಇದ್ದರೇನು, ಇಲ್ಲದಿದ್ದರೇನು, ರೋಧದಲ್ಲಿ ಅಲ್ಪ ಬದಲಾವಣೆ ತಾನೇ ಎನ್ನುವವರಿಗೆ ಬಲದ ವಿಚಾರ ಹೇಳಬೇಕು. ಲೋಹ ಬಾಗುವುದೆಂದರೆ ಪರಮಾಣುಗಳ ಒಂದು ಪದರ ಇನ್ನೊಂದರ ಮೇಲೆ ಜಾರುವುದು. ಕ್ರಮವಿರುವ ಬೆರಕೆಯಲ್ಲಿ ಮೊದಲ ಜಾರಿಕೆ ಆ ಪದರದುದ್ದಕ್ಕೂ ಒಪ್ಪವಾದ ಜೋಡಿಗಳನ್ನು ಮುರಿಯುತ್ತದೆ. ಅದಕ್ಕೆ ಹೆಚ್ಚು ಬಲ ಬೇಕು. ಇದನ್ನು 1954ರಲ್ಲೇ ಫಿಶರ್ ತೋರಿಸಿದ್ದರು. ಒಮ್ಮೆ ಜೋಡಿ ಮುರಿದ ಪದರದಲ್ಲಿ ಮುಂದಿನ ಜಾರಿಕೆಗಳಿಗೆ ಅಷ್ಟು ಬಲ ಬೇಡ. ಹೀಗಾಗಿ ಎಲ್ಲ ಜಾರಿಕೆಗಳೂ ಆ ಕೆಲವೇ ಪದರಗಳಲ್ಲಿ ನುಗ್ಗುತ್ತವೆ. ತಾಮ್ರ-ಅಲ್ಯೂಮಿನಿಯಂನಲ್ಲಿ ಇಂಥ ಸಮತಲ ಜಾರಿಕೆ ಎದ್ದು ಕಾಣುತ್ತದೆ. ಬಹಳ ಕಾಲ ಇದಕ್ಕೆ ಬೇರೆ ಕಾರಣ ಕೊಡುತ್ತಿದ್ದರು: ಅಲ್ಯೂಮಿನಿಯಂ ಸೇರಿದರೆ ಪದರಗಳ ಪೇರಿಕೆಯಲ್ಲಿ ತಪ್ಪಾಗುವುದು ಸುಲಭವಾಗುತ್ತದೆ, ಅದರಿಂದ ಜಾರಿಕೆ ಅಡ್ಡ ಪದರಕ್ಕೆ ಹಾಯಲಾರದು ಎಂದು. ಕಾರಣವಿಲ್ಲದ ಮಾತಲ್ಲ ಅದು. ಆದರೆ 1989ರಲ್ಲಿ ಗೆರೋಲ್ಡ್ ಮತ್ತು ಕಾರ್ನ್‌ಟಾಲರ್ ಮುಖ್ಯ ಕಾರಣ ಹ್ರಸ್ವವ್ಯಾಪ್ತಿಯ ಕ್ರಮವೇ ಎಂದು ವಾದಿಸಿದರು. ತಾಮ್ರಕ್ಕೆ ಮ್ಯಾಂಗನೀಸ್ ಬೆರೆಸಿದಾಗ ಪೇರಿಕೆಯ ತಪ್ಪು ಸುಲಭವಾಗುವುದಿಲ್ಲ; ಆದರೂ ಮ್ಯಾಂಗನೀಸ್ ಸಾಕಷ್ಟಿದ್ದರೆ ಜಾರಿಕೆ ಸಮತಲವಾಗೇ ಇರುತ್ತದೆ. ಈ ಉದಾಹರಣೆಯ ಮುಂದೆ ಹಳೆಯ ವಿವರಣೆ ಒಂಟಿಯಾಗಿ ನಿಲ್ಲಲಾರದು.

ಇನ್ನೊಂದು ವಿಚಿತ್ರವೂ ಇದೆ. ಬಡಿದು ಗಡಸಾದ ಲೋಹವನ್ನು ಕಾಸಿದರೆ ಮೆದುವಾಗುತ್ತದೆ. ಕಂಚುಗಾರರು ತಲೆಮಾರುಗಳಿಂದ ಹದ ಹಿಡಿದದ್ದು ಹೀಗೆ. ಆದರೆ ತಾಮ್ರ-ಅಲ್ಯೂಮಿನಿಯಂ ಹಾಳೆಯನ್ನು ತಣ್ಣಗೆ ಲಟ್ಟಿಸಿ 200 ಡಿಗ್ರಿಯ ಸುತ್ತಮುತ್ತ ಕಾಸಿದರೆ ಅದು ಇನ್ನಷ್ಟು ಗಡಸಾಗುತ್ತದೆ. ಏಕೆ ಎಂಬುದರಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಬಡಿತದಿಂದ ಕೆಟ್ಟ ಕ್ರಮ ಮರಳಿ ಬರುತ್ತದೆ ಎಂದು ಕೆಲವರು. ಅಲ್ಯೂಮಿನಿಯಂ ಪರಮಾಣುಗಳು ದೋಷರೇಖೆಗಳಿಗೆ ಹೋಗಿ ಅಂಟಿಕೊಂಡು ಅವನ್ನು ಕಟ್ಟಿಹಾಕುತ್ತವೆ ಎಂದು ಕೆಲವರು. ಎರಡೂ ಬೇರೆಬೇರೆ ಪಾಲಿನಲ್ಲಿ ನಡೆಯುತ್ತಿರಬಹುದು. ಯಾವುದು ಗೆದ್ದರೂ ನನ್ನ ವಾದಕ್ಕೆ ಬಾಧಕವಿಲ್ಲ. ಎರಡರಲ್ಲೂ ಅಲ್ಯೂಮಿನಿಯಂ 200 ಡಿಗ್ರಿಯಲ್ಲಿ ನಿಮಿಷಗಳೊಳಗೆ ನಡೆದಾಡಬೇಕು. ಸಮತೋಲದ ತೆರವುಗಳನ್ನೇ ನಂಬಿದ್ದರೆ ಅದು ಆಗದು. ಬಡಿತ ತಾನೇ ಹುಟ್ಟಿಸಿದ ಹೆಚ್ಚುವರಿ ತೆರವುಗಳು ಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಉಷ್ಣಗತಿಶಾಸ್ತ್ರದ ಕಡೆಯಿಂದ ಬರುತ್ತದೆ. ತೆರವುಗಳು ಬರಿಯ ಸಾಗಣೆದಾರರು. ಕೊನೆಗೆ ಲೋಹ ತಲುಪುವ ಸ್ಥಿತಿಯನ್ನು ತೀರ್ಮಾನಿಸುವುದು ಶಕ್ತಿಯ ಲೆಕ್ಕ, ತಡವಾದರೆ ಏನಾಯಿತು ಎಂದು ಆ ಶಾಸ್ತ್ರದವರು ಕೇಳುತ್ತಾರೆ. ದಿಕ್ಕನ್ನು ಶಕ್ತಿಯ ಲೆಕ್ಕವೇ ತೀರ್ಮಾನಿಸುತ್ತದೆ, ಒಪ್ಪಿದೆ. ಆದರೆ ಆ ಕೊನೆ ಎಂಬುದು ಬರುವುದು ಯಾವಾಗ? ನೂರಕ್ಕೆ ಇಪ್ಪತ್ತೆರಡರ ಆಸುಪಾಸು ಅಲ್ಯೂಮಿನಿಯಂ ಪರಮಾಣುಗಳಿರುವ ಬೆರಕೆಯಲ್ಲಿ 363 ಡಿಗ್ರಿಯ ಕೆಳಗೆ ಪೂರ್ಣ ಕ್ರಮದ ಒಂದು ಹಂತವೇ ಇದೆ. ಅದು ಎಷ್ಟು ನಿಧಾನವಾಗಿ ರೂಪುಗೊಳ್ಳುತ್ತದೆಂದರೆ, ಯಾವ ಉಷ್ಣತೆಯಲ್ಲಿ ಯಾವ ರೂಪ ಎಂದು ತೋರಿಸುವ ಹಳೆಯ ಹಂತನಕ್ಷೆಗಳಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎರಕದ ಮನೆಯಲ್ಲಿ ಈಗಲೂ ಯಾರೂ ಅದನ್ನು ನೋಡುವುದಿಲ್ಲ. ನಾವು ಬಳಸುವ ಯಾವ ತಾಮ್ರ-ಅಲ್ಯೂಮಿನಿಯಂ ವಸ್ತುವೂ ಕೋಣೆಯ ಉಷ್ಣತೆಯ ಸಮತೋಲದಲ್ಲಿಲ್ಲ. ಆರುತ್ತಾ ಬಂದು ಎಲ್ಲಿ ತೆರವುಗಳು ಮುಗಿದವೋ ಆ ಉಷ್ಣತೆಯ ಕ್ರಮವನ್ನು ಅದು ಹೊತ್ತು ನಿಂತಿರುತ್ತದೆ. ಎಂದೂ ಬಾರದ ಕೊನೆಯನ್ನು ಹಿಡಿದು ಇಂದು ಕೈಯಲ್ಲಿರುವ ಲೋಹದ ಗುಣವನ್ನು ವಿವರಿಸುವುದು ವಿಜ್ಞಾನವಾಗಲಾರದು.

ಇದಕ್ಕೆ ಇತಿಹಾಸವೇ ನಡೆಸಿಕೊಟ್ಟ ಒಂದು ದೀರ್ಘ ಪ್ರಯೋಗವಿದೆ. 1903ರಲ್ಲಿ ರೈಟ್ ಸಹೋದರರ ವಿಮಾನವನ್ನು ಹಾರಿಸಿದ ಎಂಜಿನ್ನಿನ ಹೊರಕವಚ ಅಲ್ಯೂಮಿನಿಯಂ ಎರಕದ್ದು, ಅದರಲ್ಲಿ ನೂರಕ್ಕೆ 8 ಪಾಲು ತಾಮ್ರ. ವಿಲ್ಮ್ ಅವರ ಶನಿವಾರಕ್ಕಿಂತ ಮೂರು ವರ್ಷ ಹಿಂದಿನ ಮಾತು. ಆ ಲೋಹದ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವರದಿ 1994ರಲ್ಲಿ ಪ್ರಕಟವಾಯಿತು. ಅದರಲ್ಲಿ ಗಿನಿಯೇ ಮತ್ತು ಪ್ರೆಸ್ಟನ್ ಕಂಡ ಜಾತಿಯ ಬಿಲ್ಲೆಗಳೇ ಎರಡು ಅಳತೆಯಲ್ಲಿ ಸಿಕ್ಕವು. 10ರಿಂದ 22 ನ್ಯಾನೊಮೀಟರಿನ ದೊಡ್ಡವು ಎರಕ ಆರುವಾಗಲೇ ಹುಟ್ಟಿದ್ದವು. 3 ನ್ಯಾನೊಮೀಟರಿನ ಸಣ್ಣವು ಆಮೇಲಿನ ತೊಂಬತ್ತು ವರ್ಷಗಳಲ್ಲಿ, ತಣ್ಣಗೆ ಕೂತಲ್ಲೇ, ಕಟ್ಟಿಕೊಂಡವು. ಅಚ್ಚಿನೊಳಗೆ ನಿಧಾನವಾಗಿ ಆರಿದ ಲೋಹದಲ್ಲಿ ಸಿಕ್ಕಿಬಿದ್ದ ತೆರವುಗಳು ಕಡಿಮೆ. ನೀರಿಗೆ ಅದ್ದಿದ ತುಂಡು ದಿನಗಳಲ್ಲಿ ಮಾಡುವ ಕೆಲಸವನ್ನು ಇದು ದಶಕಗಳ ಮೇಲೆ ಎಳೆದದ್ದು ಅದಕ್ಕೇ ಇರಬೇಕೆಂದು ನಾನು ಓದಿಕೊಳ್ಳುತ್ತೇನೆ.

ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ, ಎರಕದ ಮನೆಗಳಲ್ಲಿ, ಖರೀದಿ ವಿಭಾಗಗಳಲ್ಲಿ ಕೆಲಸ ಮಾಡುವ ಕೇಳುಗರು ಇರಬಹುದು. ಅವರಲ್ಲಿ ಒಂದು ಕೋರಿಕೆ. ಲೋಹ ಪರೀಕ್ಷೆಯ ಪತ್ರಗಳಲ್ಲಿ ತಾಮ್ರ ಇಷ್ಟು, ಅಲ್ಯೂಮಿನಿಯಂ ಇಷ್ಟು ಎಂದು ದಶಾಂಶ ಬಿಂದುವಿನ ಮುಂದೆ ಎರಡು ಅಂಕಿಯವರೆಗೂ ಬರೆಯುತ್ತೇವೆ. ಎಷ್ಟು ಡಿಗ್ರಿಯಿಂದ ತಣಿಸಿದೆವು, ನೀರಿಗೋ ಗಾಳಿಗೋ, ತಣಿಸಿದ ಮೇಲೆ ಪರೀಕ್ಷೆಗೆ ಮೊದಲು ಎಷ್ಟು ದಿನ ಇಟ್ಟಿದ್ದೆವು ಎಂಬ ಅಂಕಣಗಳು ಎಷ್ಟೋ ಸಲ ಖಾಲಿ ಉಳಿದಿರುತ್ತವೆ. ಇನ್ನು ಮುಂದೆ ಅವನ್ನೂ ಭರ್ತಿ ಮಾಡಿ. ಒಂದೇ ಪಟ್ಟಿಯ ಎರಡು ತುಂಡುಗಳು ಬೇರೆಬೇರೆ ಗಡಸುತನ ತೋರಿಸಿದಾಗ ಉಪಕರಣವನ್ನು ಶಂಕಿಸುವ ಮೊದಲು ಆ ಮೂರು ಅಂಕಣಗಳನ್ನು ನೋಡಿ.